ಮುಂದಕ್ಕೆ ತಂದ ಬಾಕಿ

ಕ್ವಾದ್ರುಸ್ ಮನೆತನದ ಕಾಗದಗಳು ಪಣಜಿಗೆ ಬಂದದ್ದು
ಫೆನಿಯ ಪೆಟ್ಟಿಗೆಗಳಲ್ಲಿ, ಒಟ್ಟು ನಲವತ್ಮೂರು.
ಮುಚ್ಚಳ ತೆಗೆದರೆ ಮೊದಲು ಗೇರುಹಣ್ಣಿನ ಘಾಟು,
ಆಮೇಲೆ ಶತಮಾನ.

ಮೂರು ತಲೆಮಾರಿನ ವೈದ್ಯರು, ಇಬ್ಬರು ವಕೀಲರು,
ಒಬ್ಬ ನೋಟರಿ, ಅವನ ಕೈಬರಹ ಮಾತ್ರ
ಹಗ್ಗ ಹರಿದ ಕರು ಓಡಿದ ಹಾಗೆ.
ಪದವಿಪತ್ರ, ವರದಕ್ಷಿಣೆಯ ಕರಾರು,
ಪಿಯಾನೋ ಶ್ರುತಿ ಮಾಡಿದವನ ರಸೀದಿ,
ಮಾವಿನಮಿಡಿ ಉಪ್ಪಿನಕಾಯಿ ಕಳಿಸಿರೆಂದು
ಕೊಯಿಂಬ್ರದ ಚಳಿಯಲ್ಲಿ ಕೂತು ಅಳುವ ಒಬ್ಬ ಹುಡುಗ.

ಪೋರ್ತುಗೀಸು ಓದುವವಳು ಡೆಲ್ಫಿನಾ.
ನಾನು ಅಂಕೋಲೆಯವನು, ದಿನಗೂಲಿ,
ಧೂಳು ಒರೆಸಿ, ಮೈದಾ ಅಂಟು ಕಾಯಿಸಿ
ಹರಿದದ್ದಕ್ಕೆ ಹರಿಯದ ಹಾಗೆ ತೇಪೆ ಹಾಕುವವನು.

ಇಪ್ಪತ್ತೊಂಬತ್ತನೆಯ ಪೆಟ್ಟಿಗೆಯ ತಳದಲ್ಲಿ ಉದ್ದನೆಯ ಕಿರ್ದಿ ಪುಸ್ತಕ.
ಡೆಲ್ಫಿನಾ ನೇರ ಹಿಡಿದು ನೋಡಿದಳು,
ತಲೆಕೆಳಗು ಮಾಡಿ ನೋಡಿದಳು,
ನನ್ನತ್ತ ತಳ್ಳಿದಳು: ಇದು ನಿಮ್ಮದಲ್ಲವೇ?

ನಮ್ಮದೇ. ಕ ಇತ್ತು, ತ ಇತ್ತು,
ಸೊಂಟ ನೋಯುವಂತೆ ಬಾಗಿದ ಒಂದು ರ.
ಕಂದವಿ ಎನ್ನುತ್ತಾರಂತೆ ಈ ಲಿಪಿಗೆ.
ಅಕ್ಷರ ನಮ್ಮ ಓಣಿಯದು, ಮಾತು ಆಚೆ ದಡದ್ದು,
ನನ್ನ ಅಂಗಿ ತೊಟ್ಟು ಯಾರೋ
ಎದುರು ಬಂದು ಕೂತ ಹಾಗೆ.
ಮೀನುಪೇಟೆಯಲ್ಲಿ ಕಲಿತ ಕೊಂಕಣಿ
ಅಷ್ಟಿಷ್ಟು ಕೈಹಿಡಿಯಿತು.

ಬರೆದವನು ರಾಯು ಶೆಣೈ, ದೊಡ್ಡ ಡಾಕ್ಟರರ ಗುಮಾಸ್ತ.
ಯಜಮಾನರಿಗೆ ಓದಲು ಬಾರದ ಅಕ್ಷರದಲ್ಲಿ
ಯಜಮಾನರ ತೆಂಗು, ಭತ್ತ, ಉಪ್ಪಿನ ಲೆಕ್ಕ.

ದೊಡ್ಡ ಡಾಕ್ಟರರು ಕಾಲರಾದ ಬಗ್ಗೆ ಪುಸ್ತಕ ಬರೆದಿದ್ದರು.
ಲಿಸ್ಬನ್ನಿನವರು ಪದಕ ಕೊಟ್ಟರು;
ಅದೂ ಇದೆ, ಮೂರನೆಯ ಪೆಟ್ಟಿಗೆಯಲ್ಲಿ, ಕಿಲುಬು ಹಿಡಿದು.
ಪುಸ್ತಕದಲ್ಲಿ ಒಂಬತ್ತನೆಯ ರೋಗಿ:
ಹೆಂಗಸು, ಗದ್ದೆ ಕೆಲಸ, ಸುಮಾರು ಮೂವತ್ತು,
ಹದಿನಾಲ್ಕು ಗಂಟೆ ಉಸಿರಾಡಿದಳು.
ಬಹಳ ಒಳ್ಳೆಯ ಗದ್ಯ, ಎಂದಳು ಡೆಲ್ಫಿನಾ.

ಅದೇ ವಾರದ ಕಿರ್ದಿ:
ಶೆವ್ತೂ ಮೊಡ್ಶಿಯಲ್ಲಿ ತೀರಿದಳು.
ಬಾಕಿ ಎರಡು ಕುಡೊ ಭತ್ತ.

ಮೊಡ್ಶಿ ಎಂದರೆ ಕಾಲರಾ. ನನ್ನಜ್ಜಿ ವಾಂತಿಭೇದಿ ಎನ್ನುತ್ತಿದ್ದಳು,
ಎಂದೊಡನೆ ಬಾಗಿಲತ್ತ ನೋಡುತ್ತಿದ್ದಳು.

ಮರುವರ್ಷ, ಹೊಸ ಪುಟ: ಶೆವ್ತೂ,
ಎರಡು ಕುಡೊ, ಮುಂದಕ್ಕೆ ತಂದದ್ದು.
ಅದರ ಮರುವರ್ಷವೂ. ಪುಟ ತಿರುವಿದೆ, ತಿರುವಿದೆ.
ಹತ್ತೊಂಬತ್ತು ವರ್ಷ.
ಬಡ್ಡಿ ಏರಿಸಿಲ್ಲ, ವಸೂಲಿ ಇಲ್ಲ,
ಹೊಡೆದುಹಾಕಿದ ಗೆರೆಯೂ ಇಲ್ಲ.

ಊಟದ ಡಬ್ಬಿ ಹಿಡಿದು ಮಾಂಡವಿಯ ದಂಡೆಗೆ ಹೋಗಿ ಕೂತೆ,
ಬೆತಿಂ ಕಡೆಯ ದೋಣಿ ಬೈಕುಗಳನ್ನು ಉಗುಳುತ್ತಿತ್ತು.
ಸತ್ತವಳನ್ನೂ ಬಿಡದ ಗುಮಾಸ್ತ ಬುದ್ಧಿಯೇ ಇದು,
ಮಗಳೊಬ್ಬಳಿದ್ದರೆ ಅವಳ ತಲೆಗೆ ಕಟ್ಟಲು?
ಅಥವಾ ಬಾಕಿ ಅಳಿಸಿದರೆ ಹೆಸರೂ ಅಳಿಯುತ್ತದೆಂದು
ಪ್ರತಿವರ್ಷ ಲೇಖನಿ ಅದ್ದಿ
ಅವಳನ್ನು ಕೈಹಿಡಿದು ಹೊಸ್ತಿಲು ದಾಟಿಸಿದನೇ?
ಎರಡೂ ನಿಜವಿರಬಹುದು. ಒಳ್ಳೆಯವನೆಂದು ನಂಬಲು
ನನಗೇಕೆ ಇಷ್ಟು ಅವಸರ, ತಿಳಿಯದು.
ಅಕ್ಷರ ನಮ್ಮದೆಂಬ ಪಕ್ಷಪಾತವಿದ್ದೀತು.

ಇಪ್ಪತ್ತನೆಯ ವರ್ಷ ಕೈಬರಹ ಬೇರೆ.
ಪೋರ್ತುಗೀಸು, ಚೊಕ್ಕ, ಕೂಡಿಕೆಯಲ್ಲಿ ತಪ್ಪಿಲ್ಲ.
ಶೆವ್ತೂ ಇಲ್ಲ.

ಸಂಜೆ ವಿವರಪಟ್ಟಿ ತುಂಬುವಾಗ
ಮುಖ್ಯ ವ್ಯಕ್ತಿಗಳು ಎಂಬ ಕಡೆ
ಡೆಲ್ಫಿನಾ ಹನ್ನೊಂದು ಕ್ವಾದ್ರುಸರನ್ನು ಕೂರಿಸಿ ಕೇಳಿದಳು:
ಇನ್ನು ಯಾರಾದರೂ?

ಹೇಳಿದೆ.
ಬೆರಳು ಕೀಲಿಮಣೆಯ ಮೇಲೆ ನಿಂತಿತು: ಹೇಗೆ ಬರೆಯುವುದು?

ದೀಪಕ್ಕೆ ಹಿಡಿದು ಮತ್ತೆ ನೋಡಿದೆ.
ಶ ಇರಬೇಕು. ಹುಳು ಸರಿಯಾಗಿ ಅಲ್ಲೇ ತಿಂದಿದೆ,
ಸ ಕೂಡ ಇದ್ದೀತು.

ಎರಡೂ ಹಾಕಿದೆವು.